ಜಗಲಿಯ ಮೇಲೆ ಕೂತ ಸುದ್ದಿಗಳು

ನಂಬುವುದಿಲ್ಲ ಎನ್ನುವವರು ಈಗಲೇ ಎದ್ದು ಹೋಗಬಹುದು, ನಾನು ಯಾರ ಕೈಯನ್ನೂ ಹಿಡಿಯುವುದಿಲ್ಲ. ತಾಲ್ಲೂಕಿನಲ್ಲಿ ಕೂತ ದನದ ಡಾಕ್ಟರಿಗೆ ಕ್ಯಾಮೆರಾದಲ್ಲಿ ತೋರಿಸಿ, ಹಳ್ಳಿಯ ಕೊಟ್ಟಿಗೆಯಲ್ಲಿ ಎಮ್ಮೆ ಈಯಿಸಿದವನು ನಮ್ಮ ಸೀಮೆಯಲ್ಲಿ ಒಬ್ಬನಿದ್ದರೆ ಅದು ನಾನು, ಕಳಕಪ್ಪ.

ಎಮ್ಮೆ ನಮ್ಮೂರ ಶಾವಂತ್ರವ್ವನದು. ಹೋದ ಸಲ ಕರುವಿನ ಕಾಲು ಒಳಗೇ ಮಡಚಿಕೊಂಡು ಕರು ಸತ್ತಿತ್ತು. ಈ ಸಲವೂ ಹಾಗಾದರೆ ಎಮ್ಮೆಯೂ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರ್ ಸುಮಂಗಲಾ ಮೇಡಂ. ಅವರೊಬ್ಬರಿಗೇ ಎಷ್ಟೋ ಹಳ್ಳಿಗಳು. ಕರೆದಾಗ ಬರಲು ಆಗದಿದ್ದರೆ ಕ್ಯಾಮೆರಾದಲ್ಲಿ ನೋಡಿ ಫೋನಿನಲ್ಲಿ ಹೇಳುತ್ತೇನೆ ಎಂದು ಒಪ್ಪಿದ್ದರು.

ಕ್ಯಾಮೆರಾ ನಾನೇ ಕಟ್ಟಿದೆ. ಇಂಟರ್ನೆಟ್ ಲೈನು ಎಡವಿದರೂ ಚಿತ್ರ ನಿಲ್ಲಬಾರದು. ಅದಕ್ಕೆ ಬಂದ ಚಿತ್ರಗಳನ್ನು ಮೇಡಂ ಕಂಪ್ಯೂಟರಿನಲ್ಲಿ ಮೊದಲು ಕೂಡಿಸಿಟ್ಟು, ಆಮೇಲೆ ಬಂದ ಸಾಲಿನಲ್ಲೇ ಒಂದೊಂದಾಗಿ ತೋರಿಸುವಂತೆ ಮಾಡಿದೆ. ಸಿನಿಮಾ ಓಡಿದಂತೆ ಓಡಿತು. ಅಂಥ ಚಿತ್ರ ಜಿಲ್ಲೆಯಲ್ಲಿ ಇನ್ನೊಬ್ಬ ಓಡಿಸಲಿ, ನೋಡೋಣ.

ಮೇಡಂ ಫೋನಿನಲ್ಲಿ, "ಕಳಕಪ್ಪ, ಒಂದು ಚಪ್ಪಾಳೆ ಹೊಡಿ," ಅಂದರು. ಹೊಡೆದೆ.

"ಸಪ್ಪಳ ಕೇಳಿತು. ಚಿತ್ರದಾಗ ನಿನ್ನ ಕೈ ಇನ್ನೂ ಕೂಡಿಲ್ಲ," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಾಂ, ಈಗ ಕೂಡಿತು. ನಿನ್ನ ಚಿತ್ರ ಭಾಳ ಚೆಂದ ಐತಿ. ಆದರ ಎಮ್ಮೆ ತಿಣುಕಿ ಮುಕ್ಕಿದ್ದು ನನಗ ಕಾಣೋ ಹೊತ್ತಿಗೆ ಅದು ಸುಮ್ಮನಾಗಿರತೈತಿ. ಆಗ ಎಳೀರಿ ಅಂದ್ರ ಒಳಗ ಗರ್ಭಚೀಲ ಹರಿಯತೈತಿ. ಇದನ್ನ ಸರಿ ಮಾಡು, ಇಲ್ಲಾಂದ್ರ ಕ್ಯಾಮೆರಾ ನಂಬಿ ನಾ ಏನೂ ಹೇಳಂಗಿಲ್ಲ."

ನನಗೆ ಈ ವಿದ್ಯೆ ಕಲಿಸಿದವರು ಟಿವಿ ರಿಪೇರಿ ಮಾಡುವ ಪಂಪಯ್ಯ ಗುರುಗಳು. ಅವರ ಮುಂದೆ ನಿಂತು ಕೇಳಿದೆ:

"ಗುರುಗಳೇ, ನನ್ನ ಚಿತ್ರ ಎಲ್ಲೂ ನಿಲ್ಲಂಗಿಲ್ಲ, ಎಲ್ಲೂ ಒಡಿಯಂಗಿಲ್ಲ, ಒಂದೂ ತಪ್ಪಂಗಿಲ್ಲ. ಮತ್ತ ಯಾಕ ತಡ ಆಗತೈತಿ?"

"ಭಾಳ ಶಾಣ್ಯಾ ಅದೀ. ಕೂಡು," ಅಂದರು ಗುರುಗಳು. ಕೂತೆ. ಅವರು ಹೇಳಿದ ಕತೆ ಇದು.

ಒಬ್ಬ ರೈತನಿದ್ದ. ಅವನ ಮನೆ ದಿಬ್ಬದ ಮೇಲಿತ್ತು, ಹೊಲ ಕೆರೆಯ ಕೆಳಗಿತ್ತು. ಎತ್ತುಗಳನ್ನು ಹೊಲದಲ್ಲೇ ಕಟ್ಟುತ್ತಿದ್ದ. ಮಳೆಗಾಲ ಬಂದಾಗ ಕೆರೆಯ ಏರಿಯ ಮೇಲೆ ಆಳುಗಳನ್ನು ಇಟ್ಟ. ನೀರು ಒಂದು ಮೆಟ್ಟಿಲು ಏರಿದರೆ ಒಬ್ಬ ಆಳು ಓಡಿಬಂದು ಹೇಳಬೇಕು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಂದವನನ್ನು ಜಗಲಿಯ ಮೇಲೆ ಕೂರಿಸಿ ಬೆಲ್ಲ ನೀರು ಕೊಡದೆ ಸುದ್ದಿ ಕೇಳುವಂತಿಲ್ಲ. ಮೊದಲು ಬಂದವನ ಮಾತು ಮುಗಿಯದೆ ಹಿಂದೆ ಬಂದವನು ಬಾಯಿ ತೆರೆಯುವಂತಿಲ್ಲ. "ನನ್ನ ಮನೆಗೆ ಬಂದ ಒಂದು ಸುದ್ದಿಯೂ ಇದುವರೆಗೆ ಹಾಳಾಗಿಲ್ಲ," ಎಂದು ರೈತ ಹೇಳಿಕೊಳ್ಳುತ್ತಿದ್ದ. ಸಣ್ಣ ಮಳೆಯಲ್ಲಿ ಎಲ್ಲವೂ ಸರಿಯಾಗಿಯೇ ನಡೆಯಿತು.

ಒಂದು ದಿನ ಮೇಲಿನ ಸೀಮೆಯಲ್ಲಿ ದೊಡ್ಡ ಮಳೆಯಾಯಿತು. ಆಳುಗಳು ಒಬ್ಬರ ಬೆನ್ನಿಗೆ ಒಬ್ಬರು ಬಂದರು. ಜಗಲಿ ತುಂಬಿತು. ರೈತ ಮೊದಲನೆಯವನಿಗೆ ಬೆಲ್ಲ ನೀರು ಕೊಟ್ಟು ಕೇಳಿದ. ನೀರು ಇನ್ನೂ ಕೆಳಗಿನ ಮೆಟ್ಟಿಲಲ್ಲಿದೆ ಎಂದು ಅವನು ಹೇಳಿದ. ಹಾಗಾದರೆ ಊಟ ಮಾಡಿ ಎತ್ತುಗಳನ್ನು ತಂದರಾಯಿತು ಎಂದುಕೊಂಡ ರೈತ.

ಅವನ ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕಡೀಗೆ ಕೂತಾವನ ಮೈ ನೋಡ್ರಿ, ಎದೀಮಟ ಕೆಸರು. ಅವನನ್ನ ಮೊದಲ ಕೇಳ್ರಿ," ಅಂದಳು.

"ಅವ ಕಡೀಗೆ ಬಂದಾನ. ಮುಂದ ಕೂತವರನ್ನ ದಾಟಿ ಅವನನ್ನ ಕೇಳಿದರ ಇವರ ಮರ್ಯಾದೆ ಏನಾತು? ನೀ ಬೆಲ್ಲ ತಾ," ಅಂದ ರೈತ.

ಎರಡನೆಯವನು ಹೇಳಿದ. ಆಮೇಲಿನವನು ಹೇಳಿದ. ಎಲ್ಲರೂ ಹೇಳಿದ್ದು ನಿಜವೇ, ತಾವು ಹೊರಟಾಗ ಇದ್ದದ್ದನ್ನೇ ಹೇಳಿದರು. ಕಡೆಯವನ ಸರದಿ ಬಂದಾಗ ಅವನು ಬೆಲ್ಲ ಮುಟ್ಟಲಿಲ್ಲ. "ಏರಿ ಒಡೀತ್ರಿ," ಅಂದ.

ರೈತ ಓಡಿದ. ಹೊಲವೆಲ್ಲ ನೀರಾಗಿತ್ತು. ಎತ್ತುಗಳು ಇರಲಿಲ್ಲ.

ಗುರುಗಳ ಕತೆ ಇಲ್ಲಿಗೆ ಮುಗಿಯಿತು. ನಾನು ನಕ್ಕೆ. "ಎಂಥಾ ಹುಚ್ಚ ರೈತ ರೀ ಅವ! ಹಳೇ ಸುದ್ದಿ ತಂದವರನ್ನೆಲ್ಲ ಎಬ್ಬಿಸಿ ಕಳಿಸಿ, ಕಡೆಯವನನ್ನ ಕೇಳಿದ್ದರ ಮುಗೀತಿತ್ತು. ನಾನಾಗಿದ್ದರ ಹಂಗ ಮಾಡತಿದ್ದೆ."

ಗುರುಗಳು ಅಂದರು: "ಹಂಗಾರ ಹೋಗಿ ನಿನ್ನ ಜಗಲಿ ಮ್ಯಾಲ ಎಷ್ಟು ಮಂದಿ ಕೂತಾರ ನೋಡು."

ಎದ್ದು ನೇರ ಮೇಡಂ ಆಫೀಸಿಗೆ ಹೋದೆ.

ಕೂಡಿಸಿಡುವುದನ್ನು ತೆಗೆದುಹಾಕಿದೆ. ಹಳೆಯದಾದ ಚಿತ್ರಗಳನ್ನು ಎಸೆದು, ಕಡೆಗೆ ಬಂದದ್ದನ್ನೇ ತೋರಿಸು ಎಂದು ಕಂಪ್ಯೂಟರಿಗೆ ಕಲಿಸಿದೆ. ಲೈನಿಗೆ ಭಾರವಾಗದಂತೆ ಚಿತ್ರವನ್ನೂ ಸಣ್ಣದು ಮಾಡಿದೆ. ಈಗ ಅದು ನಡುನಡುವೆ ಜಿಗಿಯುತ್ತಿತ್ತು. ನನ್ನ ಕೈಯ ಕೆಲಸ ಹೀಗೆ ಕುಂಟುವುದನ್ನು ನನ್ನಿಂದ ನೋಡಲಾಗಲಿಲ್ಲ. ಆದರೆ ಊರಿಗೆ ಬಂದು ಚಪ್ಪಾಳೆ ಹೊಡೆದಾಗ, ಸಪ್ಪಳವೂ ಕೈಯೂ ಕೂಡಿಯೇ ಬಂದವು ಅಂದರು ಮೇಡಂ.

ಎಮ್ಮೆಗೆ ನೋವು ಬಂದದ್ದು ಮಧ್ಯಾಹ್ನ. ಈ ಸಲವೂ ಕರುವಿನ ಕಾಲು ಮಡಚಿತ್ತು. ಮೇಡಂ ಹೇಳಿದಂತೆ ಶಾವಂತ್ರವ್ವನ ಮಗ ಕೈ ಹಾಕಿ ಕಾಲು ನೇರ ಮಾಡಿದ. "ತಡೀರಿ... ತಡೀರಿ... ಹಾಂ, ಈಗ ಎಳೀರಿ!" ಅಂದರು ಮೇಡಂ. ಎಮ್ಮೆ ಮುಕ್ಕುತ್ತಿದ್ದ ಹೊತ್ತಿಗೇ ಎಳೆದೆವು. ಕರು ಹೊರಗೆ ಬಿದ್ದು ಉಸಿರಾಡಿತು. ಎಮ್ಮೆ ತಿರುಗಿ ಅದರ ಮೈ ನೆಕ್ಕಿತು.

ಶಾವಂತ್ರವ್ವ ನನಗೆ ಒಂದು ಬಟ್ಟಲು ಗಿಣ್ಣು ಕೊಟ್ಟಳು.