ಉಡಿದಾರದ ಗಂಟು

"ಗುರುಗಳೇ, ತೀರಿಕೊಂಡ ನಮ್ಮಣ್ಣನ ಬೇನೆ ಮನೆಯವರಿಗೆ ತಿಳಿದದ್ದು ತೀರ ಕೊನೆಗೆ. ಒಂದೇ ಸೂರಿನಡಿ ಇರುವವರಿಗೂ ಹೀಗೇಕೆ ಕಾಣದೆ ಹೋಗುತ್ತದೆ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು:

ಒಬ್ಬ ಗಾಣಿಗನಿದ್ದ. ಹೊತ್ತು ಹೊತ್ತಿಗೆ ಉಣ್ಣುವವನು, ತಟ್ಟೆಯಲ್ಲಿ ಅಗುಳು ಬಿಡುವವನಲ್ಲ. ಆದರೂ ಒಂದು ದಿನ ಅವನ ಉಡಿದಾರ ಸಡಿಲವಾಗಿ ಸೊಂಟದಿಂದ ಜಾರಿತು. ಹೆಂಡತಿ ನಗುತ್ತ ಅದಕ್ಕೊಂದು ಗಂಟು ಹಾಕಿ ಬಿಗಿ ಮಾಡಿದಳು.

"ಸೊಂಟ ನೋಡಿಕೊಳ್ಳಿ, ಮದುಮಗನ ಹಾಗಾಗಿದ್ದೀರಿ."

"ಹಾಗಾದರೆ ಒಂದು ಹೆಣ್ಣು ನೋಡು."

"ನೋಡೋಣ. ಮೊದಲು ಊಟಕ್ಕೆ ಏಳಿ."

ಸುಗ್ಗಿ ಕಳೆಯುವಷ್ಟರಲ್ಲಿ ದಾರ ಮತ್ತೆ ಜಾರಿತು. ಅವಳು ಮತ್ತೆ ಗಂಟು ಹಾಕಿದಳು. ಈ ಸಲ ನಗಲಿಲ್ಲ. ಬೆಲ್ಲ, ತುಪ್ಪ ಹೆಚ್ಚು ಬಡಿಸಿದಳು. ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತಿದೆಯೋ ಅವಳಿಗೆ ತಿಳಿಯಲಿಲ್ಲ.

ಎತ್ತಿನ ಸೆಗಣಿ ತುಸು ಬದಲಾದರೂ ದಿನವೆಲ್ಲ ಅದರ ಮಾತನ್ನೇ ಆಡುವ ಗಾಣಿಗ, ತಾನು ಬಯಲಿಗೆ ಹೋದಾಗ ಕಂಡ ರಕ್ತದ ಮಾತನ್ನು ನಾಚಿಕೆಯಿಂದ ನುಂಗಿಕೊಂಡಿದ್ದ. ಒಂದು ಸಂಜೆ ಧೈರ್ಯ ಮಾಡಿ, "ಯಾಕೋ ಒಳಗೇ ಏನೋ ನನ್ನನ್ನು ತಿನ್ನುತ್ತಿದೆ ಕಣೇ," ಎಂದ.

ಅವಳ ಕೈಯ ಸೌಟು ನಿಂತಿತು. "ದೀಪ ಹಚ್ಚುವ ಹೊತ್ತಿನಲ್ಲಿ ಎಂಥ ಮಾತು! ಬಿಡ್ತು ಅನ್ನಿ."

ಹಾಗೆಂದರೆ ಆಡಿದ ಅಶುಭ ಕಳೆಯುತ್ತದೆಂದು ಅವಳ ತಾಯಿ ಹೇಳಿಕೊಟ್ಟಿದ್ದಳು.

ಅವನು ಅವಳ ಮುಖ ನೋಡಿದ. "ಬಿಡ್ತು," ಎಂದ. ಮತ್ತೆ ಆ ಮಾತು ಎತ್ತಲಿಲ್ಲ.

ವೈದ್ಯನನ್ನು ಕರೆಸುವ ಹೊತ್ತಿಗೆ ಅವನು ಹಾಸಿಗೆ ಹಿಡಿದಿದ್ದ. ವೈದ್ಯ ಹೊಟ್ಟೆ ಒತ್ತಿ ನೋಡಿದ. ಕರುಳಿನ ಗಂಟು ಕಲ್ಲಿನಂತೆ ಕೈಗೆ ಸಿಕ್ಕಿತು. ಆಮೇಲೆ ಅವನ ಬೆರಳು ಉಡಿದಾರದ ಮೇಲೆ ನಿಂತಿತು. ದಾರದ ತುಂಬ ಗಂಟುಗಳು.

"ಒಳಗಿನ ಗಂಟು ಇವರ ಅನ್ನ ಉಂಡು ಬೆಳೆಯಿತು, ತಾಯಿ. ಅದು ಬೆಳೆದ ಅಳತೆಯೆಲ್ಲ ಇಲ್ಲಿದೆ. ಇದನ್ನು ಹಾಕಿದಾಗಲೇ ಕರೆಸಿದ್ದರೆ..." ವೈದ್ಯ ಮೊದಲ ಗಂಟನ್ನು ಮುಟ್ಟಿ ತೋರಿಸಿದ.

ಅವಳು ಹೊರಗೆ ಬಂದು, ನಿಂತುಹೋಗಿದ್ದ ಗಾಣದ ಪಕ್ಕದಲ್ಲಿ ಕುಳಿತಳು. ಆ ಸಂಜೆ "ಏನಾಗಿದೆ, ಹೇಳಿ" ಎಂದಿದ್ದರೆ ಸಾಕಿತ್ತು. ಈಗ ಕೇಳೋಣವೆಂದರೆ ಅವನಲ್ಲಿ ದನಿಯೇ ಉಳಿದಿರಲಿಲ್ಲ.

ಗುರು ಕತೆ ನಿಲ್ಲಿಸಿದರು. "ಪಾಪ, ಅಷ್ಟು ಅಕ್ಕರೆಯಿದ್ದೂ ಅವಳಿಗೆ ಕಾಣಲಿಲ್ಲವಲ್ಲ," ಎಂದ ಶಿಷ್ಯ.

ಗುರು ಹೇಳಿದರು: "ಕಂಡಿತ್ತು. ಕಾಣದವಳು ಅಷ್ಟು ಹೆದರುತ್ತಿರಲಿಲ್ಲ."