ಖಾಲಿ ಬಂದ ಚೀಲ

"ಬುದ್ಧಿ, ದೂರದ ಊರುಗಳಿಗೂ ಗಾಡಿ ಕಳಿಸಲೇ?" ಎಂದು ಶಿಷ್ಯ ನಿರಂಜನ ಗುರುಗಳನ್ನು ಕೇಳಿದ.

ಮಠದ ದಾಸೋಹದ ಉಸ್ತುವಾರಿ ಅವನದು. ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡನ್ನು ಸುತ್ತಲ ಹಳ್ಳಿಗಳಿಂದ ತಂದು, ಸಿಲಿಂಡರಿನ ಹಂಗಿಲ್ಲದೆ ಒಲೆ ಉರಿಸುತ್ತೇನೆಂದು ಹೊರಟವನೂ ಅವನೇ. ಮೊದಲ ವರ್ಷ ಬೆಂಡು ರಾಶಿ ಬಿತ್ತು. ಈಗ ಗಾಡಿ ಅರ್ಧ ತುಂಬಿದರೆ ಹೆಚ್ಚು. ಒಲೆ ಆರಿದರೆ ಪಂಕ್ತಿಯಲ್ಲಿ ಕೂತವರಿಗೆ ಏನು ಹೇಳುವುದೆಂದು ಅವನಿಗೆ ಭಯವಾಗಿತ್ತು.

ಗುರುಗಳು ನಕ್ಕು ಒಂದು ಕತೆ ಹೇಳಿದರು.

ಒಬ್ಬ ಮಂಡಕ್ಕಿ ಭಟ್ಟಿಯವನಿದ್ದ. ಎಲ್ಲಿಂದಲೋ ಬರುವ ಕಲ್ಲಿದ್ದಲಿನಿಂದ ಭಟ್ಟಿ ಕಾಯಿಸುತ್ತಿದ್ದ. ಲಾರಿ ಬಂದರೆ ಮಂಡಕ್ಕಿ, ಬಾರದಿದ್ದರೆ ಏಕಾದಶಿ. ಸುತ್ತಲಿನ ಕಣಗಳಲ್ಲಿ ಮಾತ್ರ ಒಲೆಗೆ ಹೋಗಿ ಮಿಕ್ಕ ಬೆಂಡು ಕೊಳ್ಳುವವರಿಲ್ಲದೆ ಬಿದ್ದಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆಯುವವರೇ ನಮ್ಮಲ್ಲಿ ಹೆಚ್ಚು. ಅವನಿಗಾದರೂ ಕಣ್ಣು ತೆರೆಯಿತು. ಕಲ್ಲಿದ್ದಲಿಗೆ ಕೈಮುಗಿದು ಬೆಂಡು ಕೊಳ್ಳತೊಡಗಿದ. ರೈತರು ಖುಷಿಯಿಂದಲೇ ಕೊಟ್ಟರು.

ಮರುವರ್ಷ ಬೆಂಡು ಕಡಿಮೆ ಬಂತು. ದರ ಏರಿಸಿದ. ಇನ್ನೂ ಕಡಿಮೆ ಬಂತು. ಯಾರೋ ತನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆಂದು ಹೊಟ್ಟೆ ಉರಿದುಕೊಂಡ. ಹತ್ತಿರದವರ ಮೇಲೆ ಮುನಿಸಿಕೊಂಡು ದೂರದ ಊರುಗಳಿಗೆ ಟ್ರ್ಯಾಕ್ಟರ್ ಕಳಿಸಿದ. ಲಾಭವನ್ನೆಲ್ಲ ಡೀಸೆಲ್ಲೇ ನುಂಗಿತು. ಭಟ್ಟಿ ದಿನ ಬಿಟ್ಟು ದಿನ ತಣ್ಣಗಾಯಿತು. ಅದನ್ನೇ ನಂಬಿದ ಆಳುಗಳು ಬೇರೆ ಕೆಲಸದ ಮಾತೆತ್ತಿದರು.

ಕೊನೆಗೆ, ಮೊದಲ ವರ್ಷ ಎಲ್ಲರಿಗಿಂತ ಹೆಚ್ಚು ಬೆಂಡು ಕೊಟ್ಟಿದ್ದ ರೈತನನ್ನು ಹುಡುಕಿಕೊಂಡು ಹೋದ. ರೈತ ಹೊಲದಲ್ಲೇ ಬೆಂಡು ಸುಟ್ಟು ಬೂದಿ ಎರಚುತ್ತಿದ್ದ. ಭಟ್ಟಿಯವನಿಗೆ ಮೈಯೆಲ್ಲ ಉರಿಯಿತು.

"ನಾನು ರೊಕ್ಕ ಕೊಟ್ಟು ಒಯ್ಯೋದನ್ನ ಹಿಂಗೆ ಸುಟ್ಟು ಹಾಕ್ತೀಯಲ್ಲೋ! ತೂಕ್ದಾಗೆ ಏನಾರ ಮೋಸ ಮಾಡೀನಾ?"

"ಅಂಥದ್ದೇನೂ ಇಲ್ಲ ಸಾವ್ಕಾರ್ರೆ. ಮೊದ್ಲು ಬೆಂಡು ನಮ್ಮನಿ ಒಲಿಗೆ ಹೋಗ್ತಿತ್ತು, ಬೂದಿ ತಿಪ್ಪಿಗೆ ಬಿದ್ದು ಗೊಬ್ಬರಾಗಿ ಹೊಲಕ್ಕೆ ಬರ್ತಿತ್ತು. ಈಗ ನಿಮ್ ಚೀಲ ತುಂಬಿ ಹೋಗ್ತಾವೆ, ಖಾಲಿ ಬರ್ತಾವೆ. ನೆರೆಮನ್ಯಾರು ಪಲ್ಯ ಕೊಟ್ಟ ಬಟ್ಲನ್ನ ನಿಮ್ಮನ್ಯಾಗೆ ಹಂಗೇ ಖಾಲಿ ವಾಪಸ್ ಕೊಡ್ತಾರೇನು?"

ಒಂದು ಚಿಟಿಕೆ ಸಕ್ಕರೆಯಾದರೂ ಹಾಕದೆ ಭಟ್ಟಿಯವನ ಹೆಂಡತಿ ಯಾರ ಬಟ್ಟಲನ್ನೂ ಹಿಂದಿರುಗಿಸಿದವಳಲ್ಲ. ಅವನೋ ಭಟ್ಟಿಯ ಬೂದಿಯನ್ನು ಕೂಲಿ ಕೊಟ್ಟು ಹಳ್ಳಕ್ಕೆ ಸುರಿಸುತ್ತಿದ್ದ! ನಾಚಿಕೆಯಾಯಿತು, ತನ್ನ ಪೆದ್ದುತನಕ್ಕೆ ನಗುವೂ ಬಂತು.

ಮರುದಿನದಿಂದ ಟ್ರ್ಯಾಕ್ಟರ್ ಬೂದಿ ಹೊತ್ತು ಹಳ್ಳಿಗಳಿಗೆ ಹೋಯಿತು. ಹೊಲಕ್ಕೆ ಬೇಕೆಂದು ರೈತರು ಒಂದಿಷ್ಟು ಬೆಂಡು ಇಟ್ಟುಕೊಂಡರೆ ಅವನು ಗೊಣಗಲಿಲ್ಲ. ಮಿಕ್ಕಿದ್ದನ್ನಷ್ಟೇ ತಂದ. ಮುಂದಿನ ಸುಗ್ಗಿಗೆ ಹತ್ತಿರದ ಊರುಗಳಿಂದಲೇ ಸಾಕಾಗುವಷ್ಟು ಬೆಂಡು ಬಂತು. ಆಳುಗಳು ಉಳಿದುಕೊಂಡರು. ಭಟ್ಟಿ ಮತ್ತೆ ಆರಲಿಲ್ಲ.

ಕತೆ ಕೇಳಿ ನಿರಂಜನ ತಲೆದೂಗಿದ. ಆದರೂ ಅವನ ಮನಸ್ಸು ಪೂರ್ತಿ ಒಪ್ಪಲಿಲ್ಲ.

"ಬುದ್ಧಿ, ಅವನದು ವ್ಯಾಪಾರ, ನಮ್ಮದು ದಾಸೋಹ. ಎಲ್ಲರೂ ಉಂಡರೇ ಎಂದು ವಿಚಾರಿಸಿದ ಮೇಲೆಯೇ ನಾನು ಎಲೆಯ ಮುಂದೆ ಕೂರುವುದು. ನಾವು ಯಾರಿಗೆ ಏನು ಕೊಡದೆ ಉಳಿಸಿಕೊಂಡಿದ್ದೇವೆ?"

ಗುರುಗಳು ಕೇಳಿದರು: "ಆ ಅನ್ನ ಬೇಯಲು ಬೆಂಡು ಕೊಟ್ಟ ಹೊಲ ಉಂಡಿತೇ ಎಂದು ಎಂದಾದರೂ ವಿಚಾರಿಸಿದೆಯಾ?"

ನಿರಂಜನ ಎದ್ದು ಹೋಗಿ ಖಾಲಿ ಚೀಲಗಳಿಗೆ ಒಲೆಯ ಬೂದಿ ತುಂಬತೊಡಗಿದ.