ನೆರೆಮನೆಯ ಹೆಪ್ಪು

ಅಲೆಗೇರಿಯ ಪೇಟೆಬೀದಿಯಲ್ಲಿ ಡಂಗುರದವನು ತಮಟೆ ಬಡಿದು, ಗಂಟಲು ಹರಿಯುವಂತೆ ರಾಜಾಜ್ಞೆ ಕೂಗಿದ. ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ಏಕೆಂದರೆ ಆಜ್ಞೆ ಇಂಗ್ಲಿಷಿನಲ್ಲಿತ್ತು. ಕೂಗಿದವನಿಗಾದರೂ ತಿಳಿದಿತ್ತೇ? ಅವನೂ ಗಿಳಿಪಾಠ ಒಪ್ಪಿಸಿದ್ದನಷ್ಟೆ. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿ ಹೇಳಿದ: “ರಾಜಕುಮಾರಿ ಕನಕಾಂಬೆ ಮೂರು ಒಗಟು ಕೇಳ್ತಾರಂತೆ. ಬಿಡಿಸಿದವನಿಗೆ ಅಮ್ಮಣ್ಣಿಯವರನ್ನ ಕೊಟ್ಟು ಮದುವೆ, ಮೇಲೆ ಮಂತ್ರಿ ಪದವಿ. ತಪ್ಪಿದವನ ತಲೆ ಅಮಾವಾಸ್ಯೆಗೆ ಕಡಿಸ್ತಾರಂತೆ. ನಾನು ಕನ್ನಡದಲ್ಲಿ ಹೇಳ್ದೆ ಅಂತ ಬಾಯಿ ಬಿಟ್ಟೀರಿ, ಜೋಕೆ!”

ದೊರೆ ಜಯಕೇತನಿಗೆ ಇಂಗ್ಲಿಷಿನ ಹುಚ್ಚು, ಅಂತಿಂಥ ಹುಚ್ಚಲ್ಲ. ಬಂದರಿಗೆ ಬರುವ ಹಡಗುಗಳೆಲ್ಲ ಆ ಮಾತಿನವರವು, ಲೋಕವೇ ಅವರ ಹಿಂದೆ ನಡೆದಿದೆ, ನಾವೇಕೆ ಹಿಂದುಳಿಯಬೇಕು ಎಂದು ಸುಡುಬಿಸಿಲಲ್ಲೂ ಉಣ್ಣೆಯ ಕೋಟು ತೊಟ್ಟು ಬೆವರುತ್ತಿದ್ದ. ಆಸ್ಥಾನದಲ್ಲಿ ಕನ್ನಡ ಆಡಕೂಡದೆಂದು ಕಟ್ಟಪ್ಪಣೆಯನ್ನೂ ಮಾಡಿದ್ದ. ಮಗಳು ಹಟ ಹಿಡಿದದ್ದರಿಂದ ಒಗಟಿನ ಸಭೆಗೆ ಮಾತ್ರ ವಿನಾಯಿತಿ ಸಿಕ್ಕಿತ್ತು.

ಬಂದರಿನಲ್ಲಿ ಮಜ್ಜಿಗೆ ಮಾರುವ ಚಿಕ್ಕೀರನಿಗೆ ರಾಜಕುಮಾರಿಯೂ ಬೇಡವಾಗಿತ್ತು, ಮಂತ್ರಿಗಿರಿಯೂ ಬೇಡವಾಗಿತ್ತು. ಅವನಿಗೆ ಬೇಕಾಗಿದ್ದವನು ಅಣ್ಣ ದೊಡ್ಡೀರ. ಇಂಗ್ಲಿಷು ಕಲಿತು ಹಡಗಿನವರಿಗೆ ದುಭಾಷಿಯಾಗಿದ್ದ ದೊಡ್ಡೀರ ಅರಮನೆಗೆ ಹೋಗಿ, ಮೂರನೆಯ ಒಗಟಿನಲ್ಲಿ ಸೋತು ಸೆರೆಮನೆ ಸೇರಿದ್ದ. ನಾಳೆಯೇ ಅಮಾವಾಸ್ಯೆ.

“ನಾನು ಹೋಗ್ತೀನಿ ಅವ್ವ,” ಎಂದ ಚಿಕ್ಕೀರ.

“ಒಂದು ತಲೆ ಹೋಗೋದು ಸಾಲ್ದೇನೋ? ಅಷ್ಟು ಓದ್ಕೊಂಡೋನೇ ಸೋತ!” ಸಣ್ಣವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

“ಗೆದ್ರೆ ಅಣ್ಣನ್ನ ಕರ್ಕೊಂಡು ಬರ್ತೀನಿ. ಇಲ್ದಿದ್ರೆ ಅವನ ಜೊತೇಲೇ ಹೋಗ್ತೀನಿ.” ಹೀಗೆಂದವನು ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಹೆಜ್ಜೆ ಏಳುತ್ತಿರಲಿಲ್ಲ.

ದೊಡ್ಡೀರನ ತಮ್ಮನೆಂದು ಹೇಳಿಕೊಂಡು ಚಿಕ್ಕೀರ ಸಭೆ ಸೇರಿದ. ಅಲ್ಲಿ ಅವನಿಗಿಂತ ಮುಂದೆ ಪಕ್ಕದ ರಾಜ್ಯದ ಯುವರಾಜ, ಅವನ ಹಿಂದೆ ಒಬ್ಬ ಜರತಾರಿ ವ್ಯಾಪಾರಿ ನಿಂತಿದ್ದರು. ಕನಕಾಂಬೆ ಮೊದಲನೆಯದನ್ನು ಕೇಳಿದಳು:

“ತಾಯಿಯ ಮೇಲೆ ಮುನಿದ ಮಗ ಮನೆ ಬೇರೆ ಮಾಡಿದ. ಅವಳ ಚಹಾವನ್ನು ಕಡಲಿಗೆ ಸುರಿದ, ಅವಳ ಕಿರೀಟಕ್ಕೆ ಬೆನ್ನು ಹಾಕಿದ, ಅವಳಿಗಿಂತ ದೊಡ್ಡವನೂ ಆದ. ಆದರೂ ಅವಳದೊಂದನ್ನು ಇವತ್ತಿಗೂ ಬಾಯಿಂದ ಬಿಟ್ಟಿಲ್ಲ. ಏನದು?”

“ಸಕ್ಕರೆ!” ಎಂದ ಯುವರಾಜ. ಭಟರು ಅವನ ರಟ್ಟೆ ಹಿಡಿದರು. “ಹೊಗೆಸೊಪ್ಪು,” ಎಂದು ತೊದಲಿದ ವ್ಯಾಪಾರಿಯನ್ನೂ ಎಳೆದೊಯ್ದರು. ಆಗ ಚಿಕ್ಕೀರನಿಗೆ ತನ್ನ ಮಜ್ಜಿಗೆ ಗಡಿಗೆಯ ಮುಂದೆ ದಿನವೂ ಕಚ್ಚಾಡುವ ನಾವಿಕರು ನೆನಪಾದರು.

“ಅಮ್ಮಣ್ಣಿಯವರೇ, ತಾಯಿ ಇಂಗ್ಲೆಂಡು, ಮಗ ಅಮೆರಿಕ. ಎರಡು ಕಡೆಯೋರೂ ನನ್ನ ಮಜ್ಜಿಗೆ ಕುಡೀತಾ ಒಬ್ರನ್ನೊಬ್ರು ಬೈತಾರೆ. ಬೈಯೋದು ಮಾತ್ರ ಇಂಗ್ಲಿಷಲ್ಲೇ. ಆ ಮಗ ಬಾಯಿಂದ ಬಿಡದ್ದು ತಾಯಿಯ ಮಾತು.”

ಸಭೆ ಗುಜುಗುಜು ಎಂದಿತು. ರಾಜಕುಮಾರಿಯ ಹುಬ್ಬು ಮೇಲೇರಿತು.

“ಒಬ್ಬ ಕಳ್ಳ ಲೋಕದ ಮನೆಮನೆಯನ್ನೂ ದೋಚಿದ. ದೋಚಿದ ಮನೆಗಳಲ್ಲಿ ಕಡ್ಡಿಯಷ್ಟೂ ಕಡಿಮೆಯಾಗಲಿಲ್ಲ, ಕಳ್ಳನ ಮನೆ ಮಾತ್ರ ತುಂಬಿತು. ಕದ್ದದ್ದೇನು?”

ಚಿಕ್ಕೀರನಿಗೆ ನಗು ತಡೆಯಲಾಗಲಿಲ್ಲ. “ಪದಗಳು! ಕಳ್ಳ ಅಂದ್ರೆ ಇಂಗ್ಲಿಷು. ತಮಿಳು ಬೆಸ್ತರ ಕಟ್ಟುಮರಕ್ಕೆ ಇಂಗ್ಲಿಷಿನೋರೂ ಹಾಗೇ ಅಂತಾರೆ, ಬಂಗಲೆಗೂ ಹಾಗೇ. ಲೂಟಿಗೆ ಬಂದೋರು ಲೂಟಿ ಅನ್ನೋ ಮಾತನ್ನೂ ಬಿಡಲಿಲ್ಲ. ಹಂಗಂತ ನಮ್ಮ ಬಾಯಲ್ಲಿ ಅದು ಕಮ್ಮಿಯಾಯ್ತಾ?”

ಈಗ ಕನಕಾಂಬೆ ಮುಂದಕ್ಕೆ ಬಾಗಿದಳು. “ನಿನ್ನಣ್ಣ ಎಡವಿದ್ದು ಮುಂದಿನ ಒಗಟಿನಲ್ಲೇ, ಹುಷಾರು.”

ಆಮೇಲೆ ನಿಧಾನವಾಗಿ ಕೇಳಿದಳು: “ಅದು ಪುಟ್ಟ ದ್ವೀಪದ ಒಂದು ಮನೆಯಿಂದ ಹೊರಟು ಊರೂರಿನ ಒಳಮನೆ ಸೇರಿತು. ಕೊಟ್ಟವರಿಗೆ ಕಡಿಮೆಯಾಗಲಿಲ್ಲ. ಪಡೆದವರ ಮನೆಯಲ್ಲಿ ಈಗ ಅದು ಯಾರದು?”

ಕೊಟ್ಟವರದು ಎನ್ನಲು ಹೊರಟ ಚಿಕ್ಕೀರ ಗಕ್ಕನೆ ನಿಂತ. ಓದಿದ ಅಣ್ಣನೂ ಇದನ್ನೇ ಹೇಳಿರಬೇಕು. ಒಂದು ಮನೆಯಿಂದ ಹೊರಟದ್ದು, ಕೊಟ್ಟರೂ ಕಡಿಮೆಯಾಗದ್ದು, ಒಳಮನೆ ಸೇರುವಂಥದ್ದು… ಅದನ್ನವನು ಹುಟ್ಟಿದಾಗಿನಿಂದ ಕಂಡಿದ್ದ!

“ಬುದ್ಧೀ, ಮನೇಲಿ ಹೆಪ್ಪು ಮುಗಿದ್ರೆ ಏನ್ ಮಾಡ್ತಾರೆ?”

“ಫ್ರಮ್ ದ ನೈಬರ್,” ಎಂದ ದೊರೆ, ಕೋಟಿನೊಳಗೆ ಬೆವರುತ್ತ. “ನೆರೆಮನೆಯಿಂದ,” ಎಂದು ಮಗಳು ಕನ್ನಡಿಸಿದಳು.

“ತಂದ ಹೆಪ್ಪು ಒಂದು ಚಮಚ. ಹಾಲು ನಮ್ಮ ಹಸೂದು, ಗಡಿಗೆ ನಮ್ಮದು. ಬೆಳಗಾದ್ರೆ ಮೊಸರು ಯಾರದು? ನೆರೆಯೋಳು ಬಂದು ಗಡಿಗೆ ಕೇಳಿದ್ದುಂಟಾ? ಇಂಗ್ಲಿಷೂ ಹಂಗೇ. ಅಮೆರಿಕದ ಗಡಿಗೇಲಿ ಒಂದು ರುಚಿ, ಆಸ್ಟ್ರೇಲಿಯಾದ್ರಲ್ಲಿ ಇನ್ನೊಂದು. ನಮ್ಮಣ್ಣ ಆಡೋ ಇಂಗ್ಲಿಷು ನಮ್ಮಣ್ಣಂದು. ಯಾರು ಆಡ್ತಾರೋ ಅವರದೇ ಅದು.” ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಮನಸ್ಸು ತಡೆಯಲಿಲ್ಲ. “ಒಂದು ಮಾತು ಬುದ್ಧೀ. ಹೆಪ್ಪು ಸಿಕ್ತು ಅಂತ ಯಾರಾದ್ರೂ ಮನೆ ಹಾಲನ್ನೇ ಚೆಲ್ತಾರಾ?”

ಕನಕಾಂಬೆ ಎದ್ದು ನಿಂತಳು.

“ಉತ್ತರ ಸರಿ, ಅಪ್ಪಾಜಿ! ಈ ಮಾತು ನಿಮ್ಮ ಕಿವಿಗೆ ಬೀಳಲಿ ಅಂತಲೇ ನಾನು ಒಗಟು ಕಟ್ಟಿದ್ದು. ತಲೆ ಕಡಿಸುವ ಷರತ್ತು ನಿಮ್ಮದು.”

ದೊರೆ ಉಣ್ಣೆಯ ಕೋಟು ಕಳಚಿ ಸಿಂಹಾಸನದ ಮೇಲೆ ಹಾಕಿ, “ಅಬ್ಬಬ್ಬಾ, ಎಂಥಾ ಸೆಕೆ!” ಎಂದ, ಅಚ್ಚಕನ್ನಡದಲ್ಲಿ. ಸಭೆಯೇ ಹೋ ಎಂದು ನಕ್ಕಿತು.

ಚಿಕ್ಕೀರ ಕೇಳಿದ್ದಕ್ಕೆ ಸೆರೆಮನೆಯ ಬಾಗಿಲುಗಳೆಲ್ಲ ತೆರೆದವು. ದೊಡ್ಡೀರ ಓಡಿಬಂದು ತಮ್ಮನನ್ನು ತಬ್ಬಿ ಮಗುವಿನಂತೆ ಅತ್ತ. ಅವನು ಅರಮನೆಯ ದುಭಾಷಿಯಾದ, ಚಿಕ್ಕೀರ ಮಂತ್ರಿಯಾದ. ಡಂಗುರದವನು ಅಂದೇ ಸಂಜೆ ಕನ್ನಡದಲ್ಲಿ ಗಂಟಲು ಬಿಚ್ಚಿ ಕೂಗಿದ. ಮದುವೆಯ ಮಾತು ಬಂದಾಗ ಮಾತ್ರ ಚಿಕ್ಕೀರ, “ಅದನ್ನ ಅಮ್ಮಣ್ಣಿಯವರೇ ಹೇಳ್ಬೇಕು,” ಎಂದು ತಲೆ ತಗ್ಗಿಸಿದ್ದ.

ಸಣ್ಣವ್ವ ದೀಪ ಹಚ್ಚಿ, ಇಬ್ಬರು ಮಕ್ಕಳಿಗೂ ಉಣಬಡಿಸುತ್ತಿದ್ದಾಗ ಬಾಗಿಲಲ್ಲಿ ಬಳೆಯ ಸದ್ದಾಯಿತು. ಕನಕಾಂಬೆ ಬೆಳ್ಳಿ ಬಟ್ಟಲು ಹಿಡಿದು ನಿಂತಿದ್ದಳು.

“ಅವ್ವ, ಸ್ವಲ್ಪ ಹೆಪ್ಪು ಕೊಡ್ತೀರಾ?”

“ದೀಪ ಹಚ್ಚಿದ ಮೇಲೆ ಹೆಪ್ಪನ್ನ ಹೊಸಿಲು ದಾಟಿಸಲ್ಲ, ಅಮ್ಮಣ್ಣಿ,” ಎಂದಳು ಸಣ್ಣವ್ವ. ಎತ್ತಿದ ತುತ್ತನ್ನು ಹಾಗೇ ಹಿಡಿದು ಕೂತಿದ್ದ ಚಿಕ್ಕೀರನನ್ನೊಮ್ಮೆ ನೋಡಿದಳು. ಅವಳ ಮುಖ ಅರಳಿತು. “ನೀನೇ ಒಳಗೆ ಬಂದ್ಬಿಡು ಮಗಳೇ. ಮನೆಯೋರಿಗೆ ಕೊಡೋಕೆ ಯಾವ ಹೊತ್ತಾದ್ರೇನು?”

ಕನಕಾಂಬೆ ಬಲಗಾಲಿಟ್ಟು ಒಳಗೆ ಬಂದಳು.